ಮೂರು ನಿಮಿಷದ ಆಚೆಯ ಸಾಲು

ಸಿರ್ಗಾವಾ, ಸೆತೊಮಾ
ಜೂನ್ ೯

ಪ್ರೀತಿಯ ಮಾನ್ನಿ,

ಹೇಗಿದ್ದೀಯ ಎಂದು ಕೇಳಲು ಮುಖವಿಲ್ಲ, ಆದರೂ ಕೇಳುತ್ತೇನೆ. ಹೇಗಿದ್ದೀಯ? ಕೆಮ್ಮು ನಿಂತಿತೆ? ಪೆತ್ಸೆರಿಯಲ್ಲಿ ನಿನ್ನ ತಂಗಿ ಪಾರಾಸ್ಕಾ ಹೊಟ್ಟೆಗೆ ಸರಿಯಾಗಿ ಹಾಕುತ್ತಿದ್ದಾಳೆಯೆ, ಇಲ್ಲ ಈಗಲೂ ಸಾರಿಗೆ ಉಪ್ಪು ಮರೆಯುತ್ತಾಳೆಯೆ? ಕಾಗದ ತಡವಾಯಿತು, ಬೈಯಬೇಡ. ಬರೆಯಲಿಲ್ಲ ಎಂದಲ್ಲ. ಮೂರು ಸಲ ಶುರುಮಾಡಿದೆ. ಒಂದರ ಮೇಲೆ ಹಾಲು ಚೆಲ್ಲಿತು, ಒಂದು ಒಲೆಗೆ ಹೋಯಿತು, ಇನ್ನೊಂದನ್ನು ನಾನೇ ಓದಿ ಹರಿದುಹಾಕಿದೆ. ಅದರಲ್ಲಿ ಬರೀ ಬೈಗುಳವಿತ್ತು. ಫೋನ್ ಮಾಡಿದರೆ ಪಾರಾಸ್ಕಾ ಎತ್ತಿಕೊಂಡು "ಅವಳು ಕೋಳಿ ನೋಡೋಕೆ ಹೋಗಿದ್ದಾಳೆ" ಎನ್ನುತ್ತಾಳೆ. ಬೆಳಿಗ್ಗೆ ಮಾಡಿದರೂ ಕೋಳಿ, ಸಂಜೆ ಮಾಡಿದರೂ ಕೋಳಿ. ಅದೆಂಥ ಕೋಳಿಗಳು ಮಾರಾಯ್ತಿ, ಶಾಲೆಗೆ ಕಳಿಸಿ ಓದಿಸುತ್ತಿದ್ದೀಯಾ?

ನಮ್ಮ ಲೀಡಿ ನಾಡಿದ್ದು ಗಡಿ ದಾಟಿ ಪೆತ್ಸೆರಿಗೆ ಅವಳಮ್ಮನ ಸಮಾಧಿಯ ಹುಲ್ಲು ಕೀಳಲು ಬರುತ್ತಿದ್ದಾಳೆ. ಅವಳ ಕೈಯಲ್ಲೇ ಇದನ್ನು ಕೊಡುತ್ತೇನೆ. ಮಾನ್ನಿ ಓದಿ ಮುಗಿಸುವವರೆಗೂ ಎದುರಿಗೇ ನಿಂತಿರು, ಕೋಳಿಗೂಡಿಗೆ ಹೋದರೆ ಅಲ್ಲಿಗೂ ಹಿಂದೆ ಹೋಗು ಎಂದು ಅವಳಿಗೆ ಹೇಳಿದ್ದೇನೆ.

ಇಲ್ಲಿನ ಸುದ್ದಿ: ನಿನ್ನ ಆಲೂಗಡ್ಡೆ ಗಿಡಗಳು ಮೇಲೆ ಬಂದಿವೆ, ಸಾಲು ಕಟ್ಟಿದ್ದು ನಾನೇ, ಆದ್ದರಿಂದ ಸೊಟ್ಟಗಿವೆ. ನಿನ್ನ ಬೆಕ್ಕು ನನ್ನ ಮನೆಯಲ್ಲಿ ಠಿಕಾಣಿ ಹೂಡಿದೆ. ನಿನ್ನ ಮನೆಯ ಕಿಟಕಿಗಳನ್ನು ಭಾನುವಾರ ತೆರೆದಿಟ್ಟು ಗಾಳಿ ಆಡಿಸುತ್ತೇನೆ. ಹಬೆಸ್ನಾನದ ಸೌನಾದ ಬಾಗಿಲು ಉಬ್ಬಿಕೊಂಡಿದೆ, ಯಾರನ್ನಾದರೂ ಕರೆಸಬೇಕು. ಇದೆಲ್ಲ ಹೇಳಲು ಕಾಗದ ಬರೆಯಬೇಕೆ ಎಂದು ನೀನು ಕೇಳುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ತಾಳು. ತಾಲಿನ್‌ನಿಂದ ಬಂದಾಗಿನಿಂದ ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ. ಅಂಡು ಸುಟ್ಟ ಬೆಕ್ಕಿನ ಹಾಗೆ ಮನೆಯೊಳಗೆ ತಿರುಗುತ್ತೇನೆ. ಈಗಲೂ ಎರಡು ಸಾಲು ಬರೆಯುವುದು, ಎದ್ದು ಒಲೆ ನೋಡುವುದು, ಮತ್ತೆ ಕೂರುವುದು.

ಮಾರ್ಚ್ ತಿಂಗಳ ಆ ಮಧ್ಯಾಹ್ನದಿಂದಲೇ ಹೇಳುತ್ತೇನೆ. ನೀನೂ ಅಲ್ಲೇ ಇದ್ದೆ, ನಿಜ. ಆದರೆ ನೀನು ಚೀಸ್ ಕೊಯ್ಯುತ್ತಾ ತಲೆ ಬಗ್ಗಿಸಿದ್ದೆ, ಮುಖಗಳನ್ನು ನೋಡಿದವಳು ನಾನು.

ಹೋದ ವರ್ಷ ನಮ್ಮ ದೇಶ ಯುರೋಪಿನ ಆ ಹಾಡಿನ ಸ್ಪರ್ಧೆ ಗೆದ್ದಿತಲ್ಲ, ಗೆದ್ದವರೇ ಮುಂದಿನ ವರ್ಷ ನಡೆಸಬೇಕು, ಅದಕ್ಕೇ ಈ ವರ್ಷ ಯುರೋಪೆಲ್ಲ ನಮ್ಮ ಅಂಗಳಕ್ಕೆ ಬರುವುದಾಯಿತು. ಆತಿಥೇಯರ ಹಾಡಾಗಿ ಕೆರ್ಟುವಿನ ಹಾಡು ಆಯ್ಕೆಯಾದಾಗ ನಾವು ಎಷ್ಟು ಕುಣಿದಾಡಿದ್ದೆವು! ನಿನ್ನ ಅಟ್ಟದಲ್ಲಿ ಎರಡು ಬೇಸಿಗೆ ಮಲಗಿ, ನಿನ್ನ ಕೈಯ ಸಾರು ಕುಡಿದು, ಮೇಲಿನ ದನಿ ಹಿಡಿಯುವುದನ್ನು ನಿನ್ನಿಂದ ಕಲಿತ ಹುಡುಗಿ ಅವಳು. ಹಿಂದೆ ನಿಲ್ಲುವವರು ನಾವು: ಸಾಲು ಕಟ್ಟಿ ಮೊದಲು ಎತ್ತುವ ಹಾಡಿನ ತಾಯಿ ನಾಸ್ತಾ, ಎಲ್ಲರ ತಲೆಯ ಮೇಲೆ ಒಬ್ಬಂಟಿಯಾಗಿ ಹಾರುವ ದನಿಗೆ ನೀನು, ಹಿಮ್ಮೇಳಕ್ಕೆ ನಾವು ನಾಲ್ವರು. ದೇಶದೊಳಗಿನ ಆಯ್ಕೆಯಲ್ಲಿ ಏಳೂ ಜನ ನಿಂತು ಹಾಡಿದೆವು, ಯಾರೂ ಎಣಿಸಲಿಲ್ಲ. ಆಮೇಲೆ ಹಾಡು ಕಟ್ಟಿದ ರೈವೋ ತಾಲಿನ್‌ನಿಂದ ಬಂದು ನಾಸ್ತಾಳ ಮನೆಯಲ್ಲಿ ಕುಳಿತು, ಟೋಪಿ ತೊಡೆಯ ಮೇಲಿಟ್ಟುಕೊಂಡು ಹೇಳಿದ:

"ವೇದಿಕೆ ಮೇಲೆ ಆರೇ ಜನ ಇರ್ಬೇಕಂತೆ. ನಿಯಮ. ನಿಮ್ಮಲ್ಲಿ ಒಬ್ರು ಇಳೀಬೇಕು. ಯಾರು ಅಂತ ನೀವೇ ಹೇಳಿ ಅಜ್ಜೀ, ನನ್ನ ಬಾಯಲ್ಲಿ ಹೇಳಿಸ್ಬೇಡಿ."

ಒಬ್ಬೊಬ್ಬರೂ ಒಂದೊಂದು ಕಡೆ ನೋಡಿದೆವು. ಹಾಡಿನ ತಾಯಿ ಇರುವಾಗ ಬೇರೆಯವರು ಬಾಯಿ ಹಾಕುವ ಪದ್ಧತಿ ನಮ್ಮಲ್ಲಿ ಇಲ್ಲ. ನಾಸ್ತಾ ಚಹಾದ ಲೋಟವನ್ನೇ ನೋಡುತ್ತಾ, "ಮೇಲಿನ ದನಿ ಹುಡುಗಿ ಹಿಡೀತಾಳೆ ಬಿಡಿ" ಎಂದಳು. ಅಷ್ಟೇ.

ನೀನು ಕೊಯ್ಯುವುದನ್ನು ನಿಲ್ಲಿಸಲಿಲ್ಲ. ಶಾಜೀರಿಗೆ ಹಾಕಿದ ಆ ಚೀಸಿನ ದೊಡ್ಡ ಹೋಳನ್ನು ರೈವೋನ ತಟ್ಟೆಗೇ ಇಟ್ಟು "ಸರಿ ಹಾಗಾದ್ರೆ" ಎಂದೆ. ಮರುದಿನ ಬಂದು ನೋಡಿದರೆ ನಿನ್ನ ಮನೆಗೆ ಬೀಗ.

ನಿನಗೆ ನಾಸ್ತಾಳ ಸ್ವಭಾವ ಗೊತ್ತು, ನನಗೂ ಗೊತ್ತು. ಹಾಡಿನಲ್ಲಿ ಅವಳಿಗೆ ಸಿಗದ ಮಾತಿಲ್ಲ. ಹಸು ಕಳೆದರೂ ಹಾಡು, ಮದುಮಗಳು ಹೊರಟರೂ ಹಾಡು, ಹೆಣದ ಮುಂದೆ ಕುಳಿತರೂ ನಿಂತ ನಿಲುವಿನಲ್ಲಿ ಸಾಲಿನ ಮೇಲೆ ಸಾಲು ಹೊಸೆಯುತ್ತಾಳೆ. ಹಾಡು ಬಿಟ್ಟು ಬರೀ ಬಾಯಲ್ಲಿ ಮಾತಾಡು ಎಂದರೆ ಮರದ ದಿಮ್ಮಿ. ಕ್ರಿಸ್‌ಮಸ್‌ನಲ್ಲಿ ಇಗರ್ಜಿಯ ಮುಂದೆ ನಿನ್ನ ದನಿ ಒಡೆದಾಗ ಹುಡುಗರು ನಕ್ಕರು, ನೀನು ಉಗ್ರಾಣದಲ್ಲಿ ಅತ್ತೆ. ಅದನ್ನು ಬಾಗಿಲ ಸಂದಿನಿಂದ ನೋಡಿದವಳು ನಾಸ್ತಾ. ಅದಕ್ಕೇ ಹಾಗೆ ಅಂದಳೋ ಏನೋ ಎಂದು ನನಗೆ ಆಗಲೇ ಅನ್ನಿಸಿತ್ತು. ಆದರೆ ಅನ್ನಿಸಿದ್ದನ್ನೆಲ್ಲ ನಿನಗೆ ಹೇಳೋಣವೆಂದರೆ ನೀನು ಕೋಳಿಗಳ ಜೊತೆ ಇದ್ದೀಯ.

(ಎದ್ದು ಹೋಗಿ ಬಂದೆ. ಹಾಲು ಉಕ್ಕಿತ್ತು. ಕಾಗದ ಬರೆಯುವ ದಿನವೇ ಉಕ್ಕುತ್ತದೆ ಈ ಹಾಲು.)

ಇನ್ನು ತಾಲಿನ್ ಸಮಾಚಾರ. ಹೋಟೆಲಿನಲ್ಲಿ ಒಬ್ಬೊಬ್ಬರಿಗೂ ಮೂರು ದಿಂಬು. ಏನು ಮಾಡುವುದು ಅವನ್ನು? ಲೀಡಿ ಎರಡನ್ನು ಕುರ್ಚಿಯ ಮೇಲೆ ಕೂರಿಸಿ ಒಂದಕ್ಕೆ ರುಮಾಲು ಕಟ್ಟಿ "ಇದು ನಮ್ಮತ್ತೆ" ಎಂದು ದಿನಾ ಬೈಯುತ್ತಿದ್ದಳು. ಸಭಾಂಗಣಕ್ಕೆ ಮೊದಲ ದಿನ ಹೋದಾಗ ಅಲ್ಲಿ ಬೇರೆ ದೇಶದವರು ಒಬ್ಬರೂ ಬಂದಿರಲಿಲ್ಲ. ಆದರೂ ಅವರ ಹಾಡು ನಡೆಯುತ್ತಿತ್ತು! ನಮ್ಮ ಸಂಗೀತ ಶಾಲೆಯ ಮಕ್ಕಳೇ ಕೊರಳಿಗೆ ಒಂದೊಂದು ದೇಶದ ಹೆಸರಿನ ಹಲಗೆ ತೂಗಿಹಾಕಿಕೊಂಡು ಅವರವರ ಹಾಡು ಹಾಡುತ್ತಿದ್ದರು, ಕ್ಯಾಮೆರಾದವರ ಅಭ್ಯಾಸಕ್ಕಂತೆ. ತಾರ್ತುವಿನ ಒಬ್ಬ ದಢೂತಿ ಹುಡುಗ ಗ್ರೀಸ್ ಆಗಿ ಎದೆ ಬಡಿದುಕೊಂಡು ಅಳುತ್ತಿದ್ದ. ನಾಸ್ತಾ ಅವನಿಗೆ ರೊಟ್ಟಿ ಕೊಟ್ಟು, "ಅಷ್ಟೊಂದು ಅಳಬೇಡಪ್ಪ, ಗ್ರೀಸಿನವನು ಬಂದು ಅವನೇ ಅತ್ಕೊಳ್ತಾನೆ" ಎಂದಳು.

ದನಿಯ ಉಸ್ತುವಾರಿಯವನಿಗೂ ನಮಗೂ ದೊಡ್ಡ ಜಗಳ. ನಮ್ಮ ಬೆಳ್ಳಿ ಸರಗಳ ಸದ್ದು ಮೈಕಿಗೆ ಬೀಳುತ್ತದೆ, ತೆಗೆಯಿರಿ ಎಂದ. ನಾಸ್ತಾ ಅವನನ್ನು ಮೇಲಿಂದ ಕೆಳಗೆ ನೋಡಿ, "ಮೊದಲು ನೀನು ಪ್ಯಾಂಟು ತೆಗಿ, ಆಮೇಲೆ ನಾವು ಬೆಳ್ಳಿ ತೆಗೀತೀವಿ" ಎಂದಳು. ಕೊನೆಗೆ ಎದೆಯ ಬಿಲ್ಲೆಯ ಕೆಳಗೆ ಬಟ್ಟೆ ಅಂಟಿಸಿದರು. ಕಿವಿಯೊಳಗೆ ಸಂಗೀತ ಕೇಳಿಸಲು ಒಂದು ಗುಂಡಿಯನ್ನು ಸಿಕ್ಕಿಸುತ್ತಾರೆ. ನಾವೆಲ್ಲ ಸಿಕ್ಕಿಸಿಕೊಂಡೆವು. ಅವಳು ಮಾತ್ರ, "ಕಿವೀಲಿ ಹತ್ತಿ ಇಟ್ಕೊಂಡು ಹಾಡೋಕೆ ನನಗೇನು ಶೀತ ಆಗಿದ್ಯಾ?" ಎಂದು ತಳ್ಳಿಹಾಕಿದಳು.

ಆಮೇಲೆ ಅತಿಥಿಗಳು ಬಂದರು. ಊಟದ ಮನೆಯಲ್ಲಿ ನಾಸ್ತಾ ಒಂದು ಗಡಿಗೆಯ ತುಂಬ ಚೀಸು, ಕರಿ ರೊಟ್ಟಿ ಹಿಡಿದುಕೊಂಡು ಎಲ್ಲರ ಮೇಜಿಗೂ ಹೋದಳು. ಮಾಲ್ಟಾದ ಹುಡುಗಿಗೆ ತಿನ್ನಿಸಿದಳು, ಸ್ಪೇನಿನವನ ಕೆನ್ನೆ ಹಿಂಡಿದಳು, ನಿಜವಾದ ಗ್ರೀಸಿನವನಿಗೆ ನಮ್ಮ ಮನೆಯಲ್ಲೇ ಇಳಿಸಿದ ಹಂಸಾ ಸಾರಾಯಿ ಒಂದು ಗುಟುಕು ಕುಡಿಸಿ ಕಣ್ಣೀರು ತರಿಸಿದಳು. ಒಬ್ಬೊಬ್ಬರ ಹೆಸರನ್ನೂ ಬಾಯಿಪಾಠ ಮಾಡಿದಳು. ಆ ಸಂಜೆಯಿಂದ ಅವಳಿಗೆ ಒಂದೇ ಚಡಪಡಿಕೆ.

"ನೆಂಟರು ಅಂಗಳಕ್ಕೆ ಬಂದಿದ್ದಾರೆ" ಎಂದು ರೈವೋನನ್ನು ಹಿಡಿದುಕೊಂಡಳು. "ಒಬ್ಬೊಬ್ರನ್ನೂ ಹಾಡಿ ಕರೀಬೇಡ್ವಾ? ನಮ್ಮ ಹಾಡು ನಾವು ಹಾಡ್ಕೊಂಡು ಇಳಿದುಬಿಟ್ರೆ, ಅವರ ಊರಲ್ಲಿ ಏನಂದ್ಕೋತಾರೆ?"

"ಸ್ವಾಗತ ಮಾಡೋಕೆ ನಿರೂಪಕರು ಇದ್ದಾರೆ ಅಜ್ಜೀ."

"ಅವರು ಮಾತಾಡ್ತಾರೆ. ಹಾಡ್ತಾರಾ?"

"ಅಜ್ಜೀ, ದಮ್ಮಯ್ಯ. ಮೂರು ನಿಮಿಷ. ಒಂದು ಮಾತು ಬದಲಾಯಿಸೋ ಹಾಗಿಲ್ಲ, ಒಂದು ಉಸಿರು ಜಾಸ್ತಿ ಆಗೋ ಹಾಗಿಲ್ಲ. ನಾವು ಮೀರಿದ್ರೆ ನಮ್ಮನ್ನೇ ಹೊರಗೆ ಹಾಕ್ತಾರೆ. ನಮ್ಮ ಮನೆಯಿಂದ ನಮ್ಮನ್ನೇ!"

"ಹಾಗಾದ್ರೆ ಅದು ನಮ್ಮ ಮನೆ ಹ್ಯಾಗಾಯ್ತು?" ಎಂದು ಕೇಳಿ ಅವಳು ಸುಮ್ಮನಾದಳು. ಅವಳು ಸುಮ್ಮನಾದರೆ ನನಗೆ ಭಯ. ನೀನಿದ್ದಿದ್ದರೆ ಅವಳ ಮುಖ ನೋಡಿಯೇ ಹೇಳುತ್ತಿದ್ದೆ ಏನಾಗುತ್ತದೆ ಎಂದು.

ಕೊನೆಯ ದಿನ. ಎದುರಿಗೆ ಜನ, ಬಾವುಟಗಳು, ಕಣ್ಣಿಗೆ ಹೊಡೆಯುವ ಬೆಳಕು. ಹೆಜ್ಜೆ ಹಾಕುತ್ತಿದ್ದಂತೆ ನಮ್ಮ ಬೆಳ್ಳಿಯೆಲ್ಲ ಗಲಗಲ ಎಂದಿತು, ಬಟ್ಟೆ ಅಂಟಿಸಿದ್ದೂ ದಂಡ. ಕೆರ್ಟು ಚೆನ್ನಾಗಿ ಹಾಡಿದಳು ಮಾನ್ನಿ, ಸುಳ್ಳು ಹೇಳಲಾರೆ. ಮೇಲಿನ ದನಿಯನ್ನೂ ಎತ್ತಿದಳು. ನಿನ್ನ ಹಾಗೆ ಗಂಟಲಿನ ಆಳದಿಂದ ಅಲ್ಲ, ಸ್ವಲ್ಪ ಮೂಗಿನಲ್ಲಿ. ಮೂರು ನಿಮಿಷಕ್ಕೆ ವಾದ್ಯ ನಿಂತಿತು, ಜನ ಚಪ್ಪಾಳೆ ಹೊಡೆದರು, ನಾವು ಬಗ್ಗಿ ನಮಸ್ಕರಿಸಿ ಇಳಿಯಬೇಕು.

ನಾಸ್ತಾ ಬಗ್ಗಲಿಲ್ಲ. ಹೆಜ್ಜೆ ಬದಲಾಯಿಸಿ, ಮದುವೆಮನೆಯ ಬಾಗಿಲಲ್ಲಿ ನಿಂತವಳ ಹಾಗೆ ಸೊಂಟದ ಮೇಲೆ ಕೈಯಿಟ್ಟು, ಶುರುಮಾಡಿಯೇ ಬಿಟ್ಟಳು:

ಬನ್ನಿರಿ ನೆಂಟರೆ, ಅಂಗಳಕೆ ಬನ್ನಿರಿ,
ದೂರದ ಹಕ್ಕಿಗಳೆ, ಬೇಲಿಯ ಮೇಲೆ ಕೂರಿರಿ.

ನಾವು ಏನು ಮಾಡಬೇಕಿತ್ತು, ನೀನೇ ಹೇಳು. ಹಾಡಿನ ತಾಯಿ ಒಂದು ಸಾಲು ಹೇಳಿದ ಮೇಲೆ ಅದನ್ನು ಎತ್ತಿಕೊಳ್ಳದೆ ಬಾಯಿ ಮುಚ್ಚಿ ನಿಲ್ಲುವುದು ಹೇಗೆ? ಅವಳ ಉಸಿರು ನಿಂತ ಕಡೆ ನಮ್ಮದು ತಾನಾಗಿ ಹೊರಡುತ್ತದೆ. ಹೊರಟಿತು. ಕೆರ್ಟು ಒಂದು ಗಳಿಗೆ ಕಣ್ಣು ಬಿಟ್ಟುಕೊಂಡು ನೋಡಿ, ಮೇಲಿನ ದನಿ ಹಿಡಿದಳು. ಅಷ್ಟರಲ್ಲಿ ದೀಪಗಳು ಆರಿದವು. ಕತ್ತಲಲ್ಲೇ ನಾಸ್ತಾ ಮಾಲ್ಟಾದವಳನ್ನು ಕರೆದಳು, ಸ್ಪೇನಿನವನನ್ನು, ಗ್ರೀಸಿನವನನ್ನು, ಹೆಸರು ಹಿಡಿದು ಹಿಡಿದು. ಪಕ್ಕದಿಂದ ಕಪ್ಪು ಬಟ್ಟೆಯ ಆಳುಗಳು ಮುಂದಿನ ದೇಶದ ಮೆಟ್ಟಿಲುಗಳನ್ನು ತಳ್ಳಿಕೊಂಡು ಬಂದರು, "ಇಳೀರಿ, ಇಳೀರಿ" ಎಂದು ಹಲ್ಲು ಕಡಿದರು. ರೈವೋ ತೆರೆಯ ಹಿಂದೆ ಎರಡು ಕೈಯಲ್ಲೂ ತಲೆ ಹಿಡಿದುಕೊಂಡಿದ್ದ.

ಆಗ ಅವಳು ನಮ್ಮ ಕಡೆ ತಿರುಗಿದಳು. ಸ್ವರ ಇಳಿಸಿದಳು. ಇದನ್ನು ನಾನು ಸರಿಯಾಗಿ ಬರೆಯುತ್ತೇನೆ, ನಾಲ್ವರೂ ಕುಳಿತು ನೆನಪಿಸಿಕೊಂಡು ಒಬ್ಬರ ಮಾತನ್ನು ಒಬ್ಬರು ತಿದ್ದಿ ಒಪ್ಪಿಕೊಂಡದ್ದು. ಒಂದು ಪದವೂ ನನ್ನದಲ್ಲ:

ಆರು ಹಕ್ಕಿಯ ಹಿಂಡು ನನ್ನದು, ಐದನ್ನೇ ತಂದೆನು,
ಎತ್ತರ ಹಾರುವ ಹಕ್ಕಿಯ ಮನೆಯಲ್ಲೇ ಬಿಟ್ಟೆನು.
ರೆಕ್ಕೆ ನೊಂದೀತೆಂದು ನಾನೇ ಬಾಗಿಲು ಹಾಕಿದೆ,
ಗಾಳಿಗೆ ಅಂಜಿದೆ, ಅವಳನ್ನು ಕೇಳದೆ ಅಂಜಿದೆ.
ಮಾನ್ನಿ, ನನ್ನ ಮಾನ್ನಿ, ಬಾಗಿಲು ತೆರೆದಿದೆ,
ಹಾಡಿನ ತಲೆಯ ಮೇಲೆ ನಿನ್ನ ಜಾಗ ಹಾಗೇ ಇದೆ.

ಒಂದೊಂದು ಸಾಲನ್ನೂ ನಾವು ಎತ್ತಿಕೊಂಡೆವು. ಕೆರ್ಟು ಮಾತ್ರ ಏರಲಿಲ್ಲ. ಕೈಕಟ್ಟಿ ನಿಂತಳು. ಮೇಲೆ ಏನೂ ಇಲ್ಲದೆ ನಮ್ಮ ಹಾಡು ಬೋಳು ಬೋಳಾಗಿ ಹೋಯಿತು. ಆಮೇಲೆ ಯಾಕೆ ಸುಮ್ಮನಾದೆ ಎಂದು ಕೇಳಿದ್ದಕ್ಕೆ, "ಆ ಸಾಲಿಗೆ ನಾನು ಹ್ಯಾಗೆ ಏರಲಿ ಓಕ್ಸೆ ಅಜ್ಜೀ? ಅದು ಅವರ ಜಾಗ" ಎಂದು ಅತ್ತುಬಿಟ್ಟಳು. ಹುಡುಗಿ ಕೆಟ್ಟವಳಲ್ಲ ಮಾನ್ನಿ. ಅವಳ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ.

ನೀನು ಇದನ್ನು ಕೇಳಿಲ್ಲ. ಯಾರೂ ಕೇಳಿಲ್ಲ. ಓಣಿಯಲ್ಲಿ ರೈವೋ ಬೆವರು ಒರೆಸಿಕೊಳ್ಳುತ್ತಾ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ಬದುಕಿದ್ವಿ ಅಜ್ಜೀ. ಮೂರು ನಿಮಿಷಕ್ಕೆ ಸರಿಯಾಗಿ ಮೈಕ್ ಮುಚ್ಚಿಬಿಟ್ರು. ಟಿವೀಲಿ ಮುಂದಿನ ದೇಶದ ಚಿತ್ರ ಓಡ್ತಾ ಇತ್ತು. ಮೀರಿದ ಲೆಕ್ಕಕ್ಕೇ ಬರಲ್ಲ." ಅವನ ಮುಖದಲ್ಲಿ ಅಷ್ಟೊಂದು ಸಂತೋಷ ನೋಡಿ ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಸಭಾಂಗಣದ ಗಲಾಟೆಯಲ್ಲಿ ಮುಂದಿನ ಸಾಲಿನ ನಾಲ್ಕು ಜನಕ್ಕೆ ಏನಾದರೂ ಕೇಳಿಸಿದ್ದರೆ ಉಂಟು. ಅವರಿಗೆ ನಮ್ಮ ಭಾಷೆ ಬರುತ್ತಿತ್ತೋ ಇಲ್ಲವೋ.

ನಾವು ಎಷ್ಟನೆಯವರಾದೆವು ಎಂದು ಕೇಳುತ್ತೀಯಾ? ಪಟ್ಟಿಯ ನಡುವಿನಲ್ಲಿ ಎಲ್ಲೋ. ಅಕ್ಕಪಕ್ಕದವರು ಕೈಬಿಡಲಿಲ್ಲ, ದೂರದವರು ನಮ್ಮತ್ತ ನೋಡಲಿಲ್ಲ. ರೈವೋಗೆ ಅಷ್ಟು ಸಾಕಾಯಿತು. ಲೀಡಿ ಹೋಟೆಲಿನಿಂದ ದಿಂಬುಗಳಿಗೆ ವಿದಾಯ ಹೇಳಿ ಬಂದಳು.

ಬೆಳಕು ಇಳಿಯುತ್ತಿದೆ. ಕೈ ನೋಯುತ್ತಿದೆ. ಮಾಲೆಯ ಹಾಗೆ ಉದ್ದವಾಯಿತು ಈ ಕಾಗದ. ಮಾನ್ನಿ, ದೇವಮಾತೆ ನಿನ್ನ ಎದೆಯನ್ನು ಬೆಚ್ಚಗಿಡಲಿ, ಕೆಮ್ಮನ್ನು ದೂರವಿಡಲಿ, ನಿನ್ನ ತಂಗಿಯ ಕೈಗೆ ಉಪ್ಪಿನ ನೆನಪು ಕೊಡಲಿ. ಹೊರಗೆ ಕೂತರೆ ಶಾಲು ಹೊದ್ದುಕೋ.

ಎಂದೆಂದೂ ನಿನ್ನ ಪಕ್ಕದಲ್ಲೇ ನಿಂತು ಹಾಡಿದ,
ಓಕ್ಸೆ

ಮರೆತ ಮಾತು: ಮರೆತಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ಸಹಿ ಹಾಕಿದ ಮೇಲೆ ಬಂತು.

ಮೈಕ್ ಮುಚ್ಚಿದ್ದು ನಾಸ್ತಾಳಿಗೆ ಗೊತ್ತಿಲ್ಲ. ನಮ್ಮ ಗುಂಡಿಗಳಲ್ಲಿ ಸದ್ದು ಸತ್ತದ್ದು, ಕಿವಿಗೆ ಗುಂಡಿ ಸಿಕ್ಕಿಸಿಕೊಳ್ಳದ ಅವಳಿಗೆ ಹೇಗೆ ತಿಳಿಯಬೇಕು? ತನ್ನ ಸ್ವಾಗತ ಜಗತ್ತಿಗೆಲ್ಲ ಕೇಳಿಸಿತು ಎಂದೇ ತಿಳಿದಿದ್ದಾಳೆ. ನಮ್ಮ ಊರಿನವರಿಗೆಲ್ಲ ಗೊತ್ತು, ಒಬ್ಬರಿಗೂ ಹೇಳುವ ಎದೆಯಿಲ್ಲ. ಟಿವಿಯಲ್ಲಿ ತನ್ನನ್ನೇ ನೋಡಿಕೊಳ್ಳುವುದು ಸತ್ತವರಿಗೆ ಮಾತ್ರ ಸರಿ ಎಂದು ಅವಳು ನೋಡಲಿಲ್ಲ. ಅವಳ ಮನೆಗೆ ಹೋಗುವ ಪತ್ರಿಕೆಗಳನ್ನು ನಾನು ಮೊದಲೇ ತಂದು ಒಲೆಗೆ ಹಾಕುತ್ತಿದ್ದೇನೆ.

ಹೋದ ವಾರ ಪಾರಾಸ್ಕಾಗೆ ಫೋನ್ ಮಾಡಿದವಳು ನಾನಲ್ಲ, ನಾಸ್ತಾ. ಅವಳು ಫೋನ್ ಮುಟ್ಟಿದ್ದನ್ನು ನೀನು ಎಂದಾದರೂ ಕಂಡಿದ್ದೀಯಾ? ನಿನ್ನ ತಂಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: "ನೋಡಿದ್ಲಲ್ಲ, ಕೊನೇವರೆಗೂ ಕೂತು ನೋಡಿದ್ಲು. ಒಂದು ಮಾತೂ ಆಡ್ಲಿಲ್ಲ. ಎದ್ದು ಕೋಳಿಗೂಡಿಗೆ ಹೋದ್ಲು." ನಾಸ್ತಾ ಫೋನ್ ಇಟ್ಟು ನನ್ನ ಕಡೆ ತಿರುಗಿ, "ನಾಲ್ಕು ಜನರ ಮುಂದೆ ಬಿಟ್ಟೆ, ಜಗತ್ತಿನ ಮುಂದೆ ಕರೆದೆ. ಕೇಳಿಸಿಕೊಂಡೂ ಬರ್ಲಿಲ್ಲ ಓಕ್ಸೆ. ನಾನು ಅಷ್ಟು ದೊಡ್ಡ ತಪ್ಪು ಮಾಡಿದೀನಾ?" ಎಂದಳು. ಬರೀ ಬಾಯಲ್ಲಿ ಹೇಳಿದಳು ಮಾನ್ನಿ, ಹಾಡಲ್ಲ.

ಅಂದಿನಿಂದ ಅವಳು ಹಾಡಿಲ್ಲ. ಮೊನ್ನೆ ಮುದುಕ ಪ್ರೊಕ್ಸಾ ಸತ್ತ. ಹೆಣದ ಮುಂದೆ ಕುಳಿತಳು, ಬಾಯಿ ತೆರೆದಳು, ಮುಚ್ಚಿಕೊಂಡು ಎದ್ದು ಬಂದಳು. ಪ್ರೊಕ್ಸಾ ಒಂದು ಸಾಲೂ ಇಲ್ಲದೆ ಮಣ್ಣಿಗೆ ಹೋದ.

ಮೈಕಿನ ವಿಷಯ ನಾನು ಹೇಳಿದರೆ ನಿನ್ನ ಮೇಲಿನ ನೋವು ಹೋದೀತು. ಆದರೆ ಅಂಗಳಕ್ಕೆ ಬಂದ ನೆಂಟರನ್ನು ಕರೆಯದೆ ಕಳಿಸಿದೆ ಎಂಬುದು ಅವಳಿಗೆ ತಿಳಿಯುತ್ತದೆ. ಅದನ್ನು ಅವಳು ತಡೆದುಕೊಳ್ಳಲಾರಳು. ಆದ್ದರಿಂದ ನೀನು ಬಂದು, ನಿನ್ನ ಕರೆ ಕೇಳಿಸಿತು ಎಂದು ಅವಳಿಗೆ ಹೇಳಬೇಕು. ಸುಳ್ಳು ಹೇಳಲಾರೆ ಎಂದು ಮೂಗು ಎತ್ತಬೇಡ. ಅವಳ ಸಾಲುಗಳನ್ನು ಒಂದು ಅಕ್ಷರ ಬಿಡದೆ ಬರೆದಿದ್ದೇನೆ, ನೀನು ಓದಿಯಾಯಿತು. ಕೇಳಿಸಿಕೊಂಡೂ ನೀನು ಬರಲಿಲ್ಲ ಎಂದು ಅವಳು ತಿಳಿದುಕೊಂಡದ್ದು, ನೀನು ಇದನ್ನು ಓದುವವರೆಗೆ ತಪ್ಪಾಗಿತ್ತು. ಇನ್ನೂ ನೀನು ಬರದಿದ್ದರೆ, ಅದೇ ನಿಜವಾಗುತ್ತದೆ.